ಕಾಣದ ಜೇಬು

ಫೆಬ್ರುವರಿ ೧೯, ಮಂಗಳವಾರ
ಮಧ್ಯಾಹ್ನ, ಅಂಗಡಿಯಿಂದ

ನನ್ನ ಗುಂಡಿಮಗಳಿಗೆ,

ಅಮ್ಮನ ಅಕ್ಕರೆಯ ಆಶೀರ್ವಾದ. ಅಪ್ಪ ಪಕ್ಕದ ಸ್ಟೂಲಿನಲ್ಲಿ ಕೂತು, "ಯಾರಿಗೆ ಬರೀತಿದೀಯ?" ಎಂದು ಆಗಲೇ ಮೂರು ಸಲ ಕೇಳಿದರು. "ನಿಮ್ಮ ಮಗಳಿಗೆ" ಎಂದೆ. "ಗುಂಡಿ ನುಂಗೋದು ಬಿಟ್ಳಾ ಅಂತ ಕೇಳು" ಎಂದರು. ನೀನು ಮಗುವಾಗಿದ್ದಾಗ ನನ್ನ ಡಬ್ಬದಿಂದ ಕೋಟಿನ ಗುಂಡಿ ನುಂಗಿ ಮನೆಯವರನ್ನೆಲ್ಲ ಅಳಿಸಿದ್ದು ಅವರಿಗೆ ನಿನ್ನೆ ಮೊನ್ನೆಯ ಹಾಗೆ ನೆನಪಿದೆ. ಇವತ್ತು ಬೆಳಗ್ಗೆ ತಿಂಡಿ ತಿಂದದ್ದು ನೆನಪಿಲ್ಲ. ಇರಲಿ, ಬಿಟ್ಟೆಯೋ ಇಲ್ಲವೋ ಅವರಿಗೆ ಉತ್ತರ ಬರೆ.

ನಿನ್ನ ಪಾರ್ಸೆಲ್ಲು ಬಂದು ಎಷ್ಟು ದಿನವಾಯಿತು ಎಂದು ಲೆಕ್ಕ ಹಾಕಬೇಡ, ನನಗೇ ನಾಚಿಕೆಯಾಗುತ್ತದೆ. ನೀನು ಕೆಲಸಕ್ಕೆ ತೊಡುವ ಎರಡು ಕೋಟುಗಳಿಗೆ ಎರಡು ಜೇಬು ಕೂರಿಸುವುದು ನನಗೆ ಒಂದು ಮಧ್ಯಾಹ್ನದ ಕೆಲಸ. ನೀನು ಫೋನ್ ಮಾಡಿದಾಗಲೆಲ್ಲ ದಾರದ ಬಣ್ಣ ಹೊಂದಲಿಲ್ಲ, ಮಿಷನ್ನಿನ ಬೆಲ್ಟು ಹೋಗಿದೆ, ಸೂಜಿ ಮುರಿದಿದೆ ಎಂದೆ. ಗಿರಾಕಿಗಳಿಗೆ ಹೇಳುವ ಸುಳ್ಳನ್ನೇ ಮಗಳಿಗೂ ಹೇಳಿದೆ ನೋಡು. ದರ್ಜಿಯ "ನಾಳೆ" ಅಂದರೆ ಏನು ಎಂದು ಈ ಮಿಷನ್ನಿನ ಕೆಳಗೇ ತೆವಳಿ ಬೆಳೆದ ನಿನಗೆ ಗೊತ್ತಿಲ್ಲವೇ? ಗೊತ್ತಿದ್ದೂ ನೀನು ಏನೂ ಕೆದಕಲಿಲ್ಲ. ಅದಕ್ಕೇ ಇನ್ನೂ ಹೆಚ್ಚು ಸಂಕಟವಾಯಿತು.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ಅಪ್ಪನ ಮಗಳು, ಎದುರಿನವರ ಮಾತು ಮುಗಿಯುವ ಮೊದಲೇ ಕತ್ತರಿ ಆಡಿಸುತ್ತೀಯ. ಕಾಗದವಾದರೆ ಬಾಯಿ ಮುಚ್ಚಿಕೊಂಡು ಕೊನೆಯವರೆಗೂ ಓದಲೇಬೇಕು.

ಮೊದಲು ಅಪ್ಪನ ಸುದ್ದಿ ಹೇಳಿಬಿಡುತ್ತೇನೆ. ತಟ್ಟೆ ಎದುರಿಗೆ ಬಂದ ಮೇಲೆಯೇ ಈಗ ಅವರಿಗೆ ಇನ್ಸುಲಿನ್ ಚುಚ್ಚುವುದು. ತಟ್ಟೆ ಖಾಲಿಯಾಗುವವರೆಗೆ ಭೂಮಿ ಬಾಯ್ಬಿಟ್ಟರೂ ನಾನು ಎದುರಿನಿಂದ ಏಳುವುದಿಲ್ಲ. ಆಮೇಲೆ ಇಬ್ಬರೂ ಅಂಗಡಿಗೆ ಬರುತ್ತೇವೆ. ನಾನು ನನ್ನ ಷಟರ್ ಎತ್ತುತ್ತೇನೆ, ಪಕ್ಕದ ಅಪ್ಪನ ಕ್ಷೌರದಂಗಡಿಯ ಷಟರನ್ನು ಎರಡನೇ ಕುರ್ಚಿ ಮಾವ ಎತ್ತುತ್ತಾರೆ. ನೀನಿಟ್ಟ ಹೆಸರೇ ಆ ಮನುಷ್ಯನಿಗೆ ಕಾಯಂ ಆಗಿಹೋಯಿತು. ಇಷ್ಟು ವರ್ಷ ಅಪ್ಪನ ಪಕ್ಕ ಎರಡನೇ ಕುರ್ಚಿಯಲ್ಲೇ ಕೆಲಸ ಮಾಡಿದವರು, ಈಗಲೂ ಅಲ್ಲೇ ಮಾಡುತ್ತಾರೆ. ಒಂದನೇ ಕುರ್ಚಿಯಲ್ಲಿ ಗಿರಾಕಿಯನ್ನು ಕೂರಿಸುವುದಿಲ್ಲ. "ಎಷ್ಟು ದಿನ ಖಾಲಿ ಬಿಡ್ತೀರ ಅಣ್ಣ, ಬೇರೆ ಯಾರನ್ನಾದ್ರೂ ಕೆಲಸಕ್ಕೆ ಇಟ್ಕೊಳ್ಳಿ" ಎಂದರೆ, "ಇರ್ಲಿ ಬಿಡಿ ಅಕ್ಕ, ಕುರ್ಚಿ ಏನು ಊಟ ಕೇಳುತ್ತಾ" ಎನ್ನುತ್ತಾರೆ.

ಅಪ್ಪ ಬೆಂಚಿನ ಮೇಲೆ ಕೂತು ಟವಲು ಮಡಚುತ್ತಾರೆ. ಹೆಸರುಗಳೆಲ್ಲ ಹೋಗಿವೆ, ತಲೆಗಳು ಮಾತ್ರ ನೆನಪಿವೆ. ಅಂಚೆಯವರು ಒಳಗೆ ಬಂದರೆ, "ಎರಡು ಸುಳಿ ಬಂದ್ರು" ಎನ್ನುತ್ತಾರೆ. ಔಷಧಿ ಅಂಗಡಿಯವರ ತಲೆ ನಿನಗೆ ಗೊತ್ತಲ್ಲ, ಕನ್ನಡಿಗಿಂತ ನುಣುಪು. ಅವರು ಬಂದರೆ, "ಕೆಲಸ ಇಲ್ಲದೋರು ಬಂದ್ರು" ಎಂದು ಎಲ್ಲರನ್ನೂ ನಗಿಸುತ್ತಾರೆ. ನಗಿಸುವುದು ಮರೆತಿಲ್ಲ. ಬಲಗೈ ಮಾತ್ರ ಇನ್ನೂ ನಡುಗುತ್ತದೆ. ಹೋದ ವಾರ ಕತ್ತಿ ತೆಗೆದುಕೊಂಡು, ಬೆಳಕಿಗೆ ಹಿಡಿದು, ಸಾಣೆ ಪಟ್ಟಿಯ ಮೇಲೆ ಒಂದೇ ಒಂದು ಸಲ ಎಳೆದರಂತೆ. ಆಮೇಲೆ ಅದನ್ನು ಮಡಚಿ ಮಾವನ ಕೈಗಿಟ್ಟು, "ನೀನೇ ಮಾಡು" ಎಂದರಂತೆ. ಮಾವ ಇದನ್ನು ಹೇಳುವಾಗ ಕನ್ನಡಿ ಒರೆಸುತ್ತಿದ್ದರು, ಒರೆಸಿದ್ದನ್ನೇ ಮತ್ತೆ ಒರೆಸುತ್ತಿದ್ದರು.

ಒಂದೊಂದು ದಿನ ಅಪ್ಪ ನನ್ನನ್ನೂ "ಟೈಲರಮ್ಮ" ಎಂದು ಕರೆಯುತ್ತಾರೆ, ಬೇರೆಯವರ ಹಾಗೆ, ಬಹುವಚನದಲ್ಲಿ. ಆಗ ನಾನೂ "ಏನು ಹೊಲೀಬೇಕಿತ್ತು ಯಜಮಾನ್ರೇ?" ಎನ್ನುತ್ತೇನೆ. ಅಳುವುದಕ್ಕಿಂತ ಅದು ಸುಲಭ.

ಈಗ ನಿನ್ನ ಕಾಗದಕ್ಕೆ ಬರುತ್ತೇನೆ. ಕೋಟಿನ ಜೊತೆ ನೀನಿಟ್ಟಿದ್ದ ಆ ಚೀಟಿ ನನಗೆ ಬಾಯಿಪಾಠವಾಗಿದೆ. "ಅಮ್ಮ, ನಂಗೂ ಇನ್ಸುಲಿನ್ನೇ ಅಂತ ಡಾಕ್ಟ್ರು ಹೇಳಿದಾರೆ. ಗಾಬರಿ ಆಗ್ಬೇಡ, ನಾನು ಆಗಿಲ್ಲ. ಕಾಯಿಲೆ ಹೆಸರು ಕೆತ್ತಿದ ಪಟ್ಟಿ ಕೈಗೆ ಹಾಕ್ಕೋ ಅಂತಾರೆ. ಗಡಿಯಾರ ಮಾರೋ ಅಂಗಡಿಯಲ್ಲಿ ಎಲ್ಲರ ಕಣ್ಣೂ ನಮ್ಮ ಮಣಿಕಟ್ಟಿನ ಮೇಲೇ ಇರುತ್ತೆ, ಅಲ್ಲಿ ಕಾಯಿಲೆ ಬೋರ್ಡು ತಗಲಿಸಿಕೊಂಡು ನಿಲ್ಲೋಕಾಗಲ್ಲ. ಇನ್ನೂ ಕೆಲಸ ಕಾಯಂ ಆಗಿಲ್ಲ ಬೇರೆ. ಅಪ್ಪಂಗೆ ಹೊಲಿದಿದ್ದೆಯಲ್ಲ, ಅಂಥದ್ದೇ ಕಾಣದ ಜೇಬು ಹೊಲಿದುಕೊಡು. ಅಪ್ಪ ಅಂಗಿ ಬದಲಾಯಿಸೋವಾಗ ಕಾಯಿಲೆ ಬರೆದ ಕಾರ್ಡು ಮರೆತ ಹಾಗೆ ನಾನು ಮರೆಯಲ್ಲ. ಎರಡು ಕೋಟಿಗೆ ಎರಡು ಕಾರ್ಡು ಮಾಡಿಸಿದೀನಿ."

ಜಾಣೆ. ಎರಡು ಕೋಟಿಗೆ ಎರಡು ಕಾರ್ಡು. ನನ್ನ ಮಗಳು ಎಂದು ಹೆಮ್ಮೆ ಪಡಬೇಕಿತ್ತು. ನಾನು ಕೋಟು ಮಡಚಿ ಬಟ್ಟೆಗಳ ಅಡಿಗೆ ತಳ್ಳಿದೆ.

ಬೀದಿಯಲ್ಲಿ ಕುಸಿದು ಬಿದ್ದ ದಿನ ಅಪ್ಪ ಕಾರ್ಡು ಮರೆತಿರಲಿಲ್ಲ ಮಗಳೇ. ಅದು ಅವರ ಅಂಗಿಯಲ್ಲೇ ಇತ್ತು, ನಾನು ಹೊಲಿದ ಜೇಬಿನಲ್ಲೇ. ಯಾರಿಗೂ ಸಿಗಲಿಲ್ಲ ಅಷ್ಟೆ.

ಆಸ್ಪತ್ರೆಗೆ ನೀನು ಓಡೋಡಿ ಬಂದವಳು ಚೀಲ ಕೂಡ ಕೆಳಗಿಡದೆ, "ಕಾರ್ಡು ಎಲ್ಲಿತ್ತಮ್ಮ?" ಎಂದು ಕೇಳಿದೆ. "ಅಂಗಿ ಬದಲಾಯಿಸುವಾಗ ಮರೆತ್ರು ಕಣೇ" ಎಂದು ನನ್ನ ಬಾಯಿಂದ ಬಂದುಬಿಟ್ಟಿತು. ಯೋಚನೆ ಮಾಡಿ ಹೇಳಿದ ಸುಳ್ಳಲ್ಲ. ಆದರೆ ನೀನು ಮಂಚದ ಹತ್ತಿರ ಹೋಗಿ, ಕಣ್ಣು ಮುಚ್ಚಿ ಮಲಗಿದ್ದ ಮನುಷ್ಯನಿಗೆ, "ಎಷ್ಟು ಸಲ ಹೇಳಿದ್ದೆ ಅಪ್ಪ, ನಿಮಗೆ ಜ್ಞಾಪಕ ಅನ್ನೋದೇ ಇಲ್ವಾ" ಎಂದು ಬೈದೆಯಲ್ಲ, ಆಗಲಾದರೂ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಮಾತಾಡಲಾರದವರ ಮೇಲೆ ತಪ್ಪು ಹೊರಿಸುವುದು ಎಷ್ಟು ಸಲೀಸು ನೋಡು.

ಆ ಜೇಬಿನ ಕಥೆ ನಿನಗೆ ಪೂರ್ತಿ ಗೊತ್ತಿಲ್ಲ. ಡಾಕ್ಟರಮ್ಮ ಮೊದಲು ಅಪ್ಪನಿಗೂ ಸ್ಟೀಲಿನ ಪಟ್ಟಿಯನ್ನೇ ಕೊಟ್ಟಿದ್ದರು. ಸಕ್ಕರೆ ಕಾಯಿಲೆ, ಇನ್ಸುಲಿನ್, ಕೆಳಗೆ ನನ್ನ ಫೋನ್ ನಂಬರು. "ಇದು ನಿಮಗಲ್ಲ ಯಜಮಾನ್ರೇ. ನಿಮಗೆ ಮಾತಾಡೋಕೆ ಆಗದೇ ಇದ್ದಾಗ ನಿಮ್ಮ ಪರವಾಗಿ ಇದು ಮಾತಾಡುತ್ತೆ. ಸಕ್ಕರೆ ಇಳಿದ್ರೆ ಮನುಷ್ಯ ತೂರಾಡ್ತಾನೆ, ತೊದಲ್ತಾನೆ, ಬೈತಾನೆ ಕೂಡ. ನೋಡಿದವರು ಕುಡಿದಿದ್ದಾನೆ ಅಂತಾರೆ" ಎಂದು ನಮ್ಮಿಬ್ಬರನ್ನೂ ಕೂರಿಸಿ ಬಿಡಿಸಿ ಹೇಳಿದ್ದರು. ಅಪ್ಪ ಅದನ್ನು ಒಂದೇ ಒಂದು ದಿನ ಹಾಕಿಕೊಂಡರು. ಅವತ್ತೇ ಯಾರೋ ಗಿರಾಕಿ, ಗಂಟಲಿನ ಮೇಲೆ ಕತ್ತಿ ಇರುವಾಗಲೇ, "ಏನಿದು ಕೈಗೆ?" ಎಂದನಂತೆ. ಅಪ್ಪ ಹೇಳಿದರು. ಆ ಮನುಷ್ಯ ಏನೂ ಅನ್ನಲಿಲ್ಲವಂತೆ, ಆದರೆ ಗಂಟಲು ಒಂದು ಸಲ ಎಂಜಲು ನುಂಗಿತಂತೆ. ಅಷ್ಟೇ. ಮನೆಗೆ ಬಂದವರೇ ಪಟ್ಟಿ ಬಿಚ್ಚಿ ನನ್ನ ಗುಂಡಿ ಡಬ್ಬಕ್ಕೆ ಎಸೆದರು. "ಕೈ ನಡುಗೋ ಕಾಯಿಲೆ ಇದೆ ಅಂತ ಬೋರ್ಡು ಹಾಕ್ಕೊಂಡ್ರೆ ಯಾರೇ ನನಗೆ ಕುತ್ತಿಗೆ ಕೊಡ್ತಾರೆ?" ಎಂದರು.

ನಾನು ಜಗಳ ಆಡಬೇಕಿತ್ತು. ಸಾಲ ಹೇಳುವ ಗಂಡಸರೊಡನೆ, ಬಟ್ಟೆ ಅಂಗಡಿಯವರೊಡನೆ, ಅಳತೆ ಕೊಡುವಾಗ ಹೊಟ್ಟೆ ಎಳೆದುಕೊಳ್ಳುವ ಹೆಂಗಸರೊಡನೆ ಜಗಳ ಆಡುವ ನನಗೆ ಅವತ್ತು ಜಗಳವೇ ಹೊಳೆಯಲಿಲ್ಲ. ಹೊಳೆದದ್ದು ಜೇಬು. ಕಾರ್ಡಿನಲ್ಲೂ ಅದೇ ಅಕ್ಷರ ಇರುತ್ತದಲ್ಲ, ಮೈಮೇಲೆ ಇದ್ದರಾಯಿತು, ತೋರಿಸುವುದು ಯಾಕೆ ಎಂದು. ಅವರ ಎಲ್ಲ ಅಂಗಿಗಳ ಬಲಪಕ್ಕೆಯ ಹೊಲಿಗೆ ಬಿಚ್ಚಿ, ಅದೇ ಬಟ್ಟೆಯ ಚೀಲ ಕೂರಿಸಿ, ಬಾಯಿಗೆ ಟಿಚ್ ಬಟನ್ ಇಟ್ಟು, ಅಂಚಿಗೆ ಕೈಯಲ್ಲೇ ಕಾಣದ ಹೊಲಿಗೆ ಹಾಕಿದೆ. ಮುಟ್ಟಿದರೆ ಕಾರ್ಡಿನ ಗಟ್ಟಿ ಕೈಗೆ ಹತ್ತಬಾರದು ಎಂದು ಒಳಗೆ ಮೆತ್ತನೆಯ ಅಸ್ತರು ಬೇರೆ ಕೊಟ್ಟೆ. ಗಿರಾಕಿಗಳ ಕೆಲಸವನ್ನೆಲ್ಲ ಪಕ್ಕಕ್ಕಿಟ್ಟು ಮಾಡಿದ್ದು. ಅಪ್ಪ ಅಂಗಿ ತೊಟ್ಟು ಕನ್ನಡಿ ಮುಂದೆ ತಿರುಗಿ ತಿರುಗಿ ನೋಡಿ, "ಎಲ್ಲಿದೆಯೇ? ನನಗೇ ಕಾಣಿಸ್ತಿಲ್ಲ" ಎಂದರು. ನಾನು ಬೀಗಿ, "ಪೊಲೀಸ್ನೋರು ತಡಕಿದ್ರೂ ಸಿಗಬಾರ್ದು, ಹಂಗೆ ಹೊಲ್ದಿದೀನಿ" ಎಂದೆ.

ತಥಾಸ್ತು ಅನ್ನುವವರು ಯಾರೋ ಅಲ್ಲೇ ಇದ್ದರು ಅಂತ ಕಾಣುತ್ತದೆ.

ಗಿರಾಕಿ ಬಂದಿದ್ದಾರೆ, ಅಳತೆ ತೆಗೆದುಕೊಂಡು ಬರುತ್ತೇನೆ.

ಬುಧವಾರ

ಬರುತ್ತೇನೆ ಎಂದವಳು ನಿನ್ನೆ ಬರಲೇ ಇಲ್ಲ. ಅಳತೆ ಒಂದು ನೆಪ, ನಿಜ ಹೇಳಬೇಕೆಂದರೆ ಮುಂದಿನದನ್ನು ಬರೆಯಲು ಧೈರ್ಯ ಸಾಲಲಿಲ್ಲ.

ಅವತ್ತು ಬೆಳಗ್ಗೆ ಇನ್ಸುಲಿನ್ ಚುಚ್ಚಿಕೊಂಡು ಕೈ ತೊಳೆಯುತ್ತಿದ್ದರು. ತಟ್ಟೆಗೆ ಇನ್ನೂ ಹಾಕಿರಲಿಲ್ಲ. ಫೋನು ಬಂತು. ಹಾಸಿಗೆ ಹಿಡಿದಿರುವ ಮೇಷ್ಟ್ರು ನಿನಗೆ ಗೊತ್ತಲ್ಲ, ಅಪ್ಪ ವಾರಕ್ಕೊಮ್ಮೆ ಅವರ ಮನೆಗೇ ಹೋಗಿ ಗಡ್ಡ ಮಾಡಿ ಬರುತ್ತಿದ್ದರು. ಅವರ ಹಳೆಯ ವಿದ್ಯಾರ್ಥಿ ಯಾರೋ ದೊಡ್ಡ ಮನುಷ್ಯ ನೋಡಲು ಬರುತ್ತಾರಂತೆ, ಈ ಗಡ್ಡದಲ್ಲಿ ನನ್ನನ್ನು ತೋರಿಸಬೇಡಿ ಎಂದು ಮೇಷ್ಟ್ರು ಮಗುವಿನ ಹಾಗೆ ಹಟ ಹಿಡಿದಿದ್ದರಂತೆ. "ತಿಂದು ಹೋಗಿ" ಎಂದೆ. "ಹೋದ ಕಾಲಲ್ಲಿ ಬಂದೆ, ಮುಚ್ಚಿಡು" ಎಂದು ಕತ್ತಿ ಪೆಟ್ಟಿಗೆ ಎತ್ತಿಕೊಂಡು ಹೊರಟರು. ಸುಕ್ಕುಗಟ್ಟಿದ ಕೆನ್ನೆ, ನಿಧಾನ ಮಾಡಬೇಕು. ಜೊತೆಗೆ ಮೇಷ್ಟ್ರ ಮುಗಿಯದ ಮಾತು ಬೇರೆ. ಅಲ್ಲಿಂದ ಹೊರಡುವಾಗಲೇ ತಲೆ ಮಂಜಾಗಿರಬೇಕು, ಫೋನನ್ನು ಅವರ ಕಿಟಕಿಯಲ್ಲೇ ಬಿಟ್ಟಿದ್ದರು.

ಪೇಟೆ ಬೀದಿಯಲ್ಲಿ, ಚಪ್ಪಲಿ ಅಂಗಡಿಯ ಮೆಟ್ಟಿಲ ಹತ್ತಿರ ತೂರಾಡಿ ಕುಸಿದರು. ಪೆಟ್ಟಿಗೆ ಕೈಜಾರಿ ಬಾಯಿ ಬಿಟ್ಟಿತು. ಗಡ್ಡ ಮಾಡಿದ ಮೇಲೆ ಹಚ್ಚುವ ಸ್ಪಿರಿಟ್ಟಿನ ಬಾಟಲಿ ಒಡೆದು ಅಂಗಿಯೆಲ್ಲ ಘಮ್ಮೆಂದಿತು. ಕತ್ತಿ ಕಾಲ ಬುಡದಲ್ಲಿ ಬಿತ್ತು. ನೀನೇ ಯೋಚನೆ ಮಾಡು. ಬೆವರಿಳಿಯುವ ಮನುಷ್ಯ, ನಾಲಿಗೆ ಹೊರಳುತ್ತಿಲ್ಲ, ಮೈಯೆಲ್ಲ ವಾಸನೆ, ಪಕ್ಕದಲ್ಲಿ ಕತ್ತಿ. ಯಾರು ಹತ್ತಿರ ಬರುತ್ತಾರೆ? ಸುತ್ತ ನಿಂತರು, ಫೋಟೋ ಕೂಡ ತೆಗೆದರಂತೆ. ಅವರನ್ನು ಬೈಯುವ ಬಾಯಿ ನನಗಿಲ್ಲ.

ಕೊನೆಗೆ ಒಬ್ಬ ಪೊಲೀಸು ಬಂದ. ಒಳ್ಳೆಯವನೇ. ಆಮೇಲೆ ಒಂದು ದಿನ ಅವನಾಗಿಯೇ ನಮ್ಮ ಅಂಗಡಿಗೆ ಬಂದು, ಟೋಪಿ ತೊಡೆಯ ಮೇಲಿಟ್ಟುಕೊಂಡು ಕೂತ. "ಅಮ್ಮ, ಒಂದು ಜೇಬೂ ಬಿಡ್ಲಿಲ್ಲ ನಾನು. ಅಂಗಿ ಜೇಬು, ಪ್ಯಾಂಟಿನ ಜೇಬು, ಹಿಂದಿನ ಜೇಬು, ಎಲ್ಲಾ ತಡಕ್ದೆ. ಬಾಚಣಿಗೆ, ಕರ್ಚೀಫು, ಅಷ್ಟೇ ಇದ್ದಿದ್ದು. ಸಕ್ಕರೆ ಕಾಯಿಲೆ ಅಂತ ಒಂದು ಚೂರು ಗೊತ್ತಾಗಿದ್ರೂ ಹೆಗಲ ಮೇಲೆ ಹೊತ್ಕೊಂಡು ಓಡ್ತಿದ್ದೆ" ಎಂದ. ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು, ಹೇಳಲೋ ಬೇಡವೋ ಎನ್ನುವ ಹಾಗೆ, ಇನ್ನೊಂದು ಮಾತು ಹೇಳಿದ. "ಅವರು ಬಲಗಡೆ ಅಂಗಿ ಹಿಡ್ಕೊಂಡು ಎಳೀತಾನೇ ಇದ್ರಮ್ಮ. ಬಟ್ಟೆ ಹರ್ಕೊಳ್ತಾರೆ ಅಂತ ನಾನೇ ಕೈ ಗಟ್ಟಿಯಾಗಿ ಹಿಡ್ಕೊಂಡು ಕೂರಿಸ್ದೆ."

ಬಲಗಡೆ, ಮಗಳೇ. ಊರು ಕೇರಿ ಹೆಸರು ಎಲ್ಲ ಮರೆತುಹೋದ ಹೊತ್ತಿನಲ್ಲೂ ಅವರಿಗೆ ಜೇಬು ನೆನಪಿತ್ತು. ಎಳೆದರು, ಹೊಲಿಗೆ ಬಿಡಲಿಲ್ಲ. ನಾನು ಹೊಲಿದದ್ದು ಬಿಟ್ಟುಕೊಂಡಿದ್ದು ಉಂಟೇ?

ಠಾಣೆಯ ಬೆಂಚಿನ ಮೇಲೆ, ಅಮಲು ಇಳಿಯಲಿ ಎಂದು ಮಲಗಿಸಿದರು. ಅಲ್ಲಿಗೆ ಸೈಕಲ್ಲು ಕಳುವಾಗಿದೆ ಎಂದು ದೂರು ಕೊಡಲು ಔಷಧಿ ಅಂಗಡಿಯವರು ಬಂದರು. ನೋಡಿದವರೇ, "ಅಯ್ಯಯ್ಯೋ, ಇವರು ಕುಡಿಯೋ ಪೈಕಿ ಅಲ್ಲ ಕಣ್ರೀ! ಇವರಿಗೆ ಇನ್ಸುಲಿನ್ ಕೊಡೋನೇ ನಾನು!" ಎಂದು ಕಿರುಚಿ ಸೈಕಲ್ಲು ಗೀಕಲ್ಲು ಮರೆತು ಆಸ್ಪತ್ರೆಗೆ ಎತ್ತಿಸಿದರು. ಆ ಸೈಕಲ್ಲು ಕದ್ದ ಕಳ್ಳ ನೂರು ವರ್ಷ ಬಾಳಲಿ. ಅವನಿಲ್ಲದಿದ್ದರೆ ಇವತ್ತು ಈ ಮನುಷ್ಯ ನನ್ನ ಪಕ್ಕ ಕೂತು, ಯಾರಿಗೆ ಬರೀತಿದೀಯ ಎಂದು ಕೇಳುತ್ತಿರಲಿಲ್ಲ.

ನಾನು ಆಸ್ಪತ್ರೆ ಮುಟ್ಟುವ ಹೊತ್ತಿಗೆ ನರ್ಸಮ್ಮ ಅಂಗಿಯನ್ನು ಪಕ್ಕದಿಂದ ಕತ್ತರಿಸುತ್ತಿದ್ದಳು. ಕತ್ತರಿ ಬಲಪಕ್ಕೆಗೆ ಬಂದಾಗ ಏನೋ ಗಟ್ಟಿಯಾಗಿ ತಡೆಯಿತು. ಚೀಲ ಕತ್ತರಿಸಿದಾಗ ಕಾರ್ಡು ಕೆಳಗೆ ಬಿತ್ತು. ಅವಳು ಅದನ್ನು ಎತ್ತಿ ಓದಿದಳು. ಆಮೇಲೆ ಆ ಹರಿದ ಅಂಗಿಯನ್ನು ತಿರುಗಿಸಿ ನೋಡಿ, "ಯಾರಮ್ಮ ಹೊಲ್ದಿದ್ದು ಈ ಜೇಬು? ಇದೆ ಅಂತ ಗೊತ್ತೇ ಆಗಲ್ವಲ್ಲ!" ಎಂದಳು. ಇಷ್ಟು ವರ್ಷದಲ್ಲಿ ನನ್ನ ಕೆಲಸಕ್ಕೆ ಸಿಕ್ಕ ಮೆಚ್ಚುಗೆ ನೂರಾರು. ಅದೊಂದನ್ನು ಮಾತ್ರ ಯಾರಿಗೂ ಹೇಳಿಕೊಂಡಿಲ್ಲ.

ಡಾಕ್ಟರಮ್ಮ ನನ್ನನ್ನು ಬೈಯಲಿಲ್ಲ. "ಸಕ್ಕರೆ ಇಷ್ಟು ಹೊತ್ತು ತಳ ಹಿಡಿದಿದ್ರೆ ಮಿದುಳು ಉಪವಾಸ ಬೀಳುತ್ತಮ್ಮ. ಎಷ್ಟು ವಾಪಸ್ ಬರುತ್ತೋ ನೋಡೋಣ" ಎಂದರು. ನಾನು ಮೂರ್ಖಳ ಹಾಗೆ, "ಬೀದಿಯಲ್ಲೇ ಯಾರಿಗಾದ್ರೂ ಗೊತ್ತಾಗಿದ್ರೆ?" ಎಂದು ಕೇಳಿದೆ. "ಗುಟುಕು ನುಂಗೋ ಹಾಗಿದ್ದಾಗಲೇ ಒಂದು ಲೋಟ ಸಕ್ಕರೆ ನೀರು ಕುಡಿಸಿದ್ರೆ ಬಹುಶಃ ಎದ್ದು ನಡ್ಕೊಂಡೇ ಮನೆಗೆ ಬರ್ತಿದ್ರು" ಎಂದರು. ಒಂದು ಲೋಟ ಸಕ್ಕರೆ ನೀರು. ಆ ಬೀದಿಯಲ್ಲಿ ಎಷ್ಟು ಟೀ ಅಂಗಡಿಗಳಿವೆ ಎಂದು ನಿನಗೆ ಗೊತ್ತಲ್ಲ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಗುಂಡಿ ಡಬ್ಬದಿಂದ ತೆಗೆದು ಹಾಕಿದ ಪಟ್ಟಿಯನ್ನು ಅಪ್ಪ ಈಗ ಬಿಚ್ಚುವುದೇ ಇಲ್ಲ. ಬಂದವರಿಗೆಲ್ಲ ಕೈ ಚಾಚಿ ತೋರಿಸುತ್ತಾರೆ, ಹೊಸ ಗಡಿಯಾರ ಕಟ್ಟಿಕೊಂಡವರ ಹಾಗೆ. ಅದನ್ನು ಓದಿದ ಗಿರಾಕಿಗಳು ಏನೆನ್ನುತ್ತಾರೆ ಗೊತ್ತೇ? "ನಮ್ಮಮ್ಮಂಗೂ ಇದೆ" ಎನ್ನುತ್ತಾನೆ ಒಬ್ಬ. "ನಂಗೇ ಇದೆ, ಮನೇಲಿ ಹೇಳಿಲ್ಲ" ಎನ್ನುತ್ತಾನೆ ಇನ್ನೊಬ್ಬ. ಗಂಟಲಲ್ಲಿ ಎಂಜಲು ನುಂಗಿದ ಆ ಮಹಾರಾಯನೂ ಬಂದಿದ್ದ. ಪಟ್ಟಿಯನ್ನು ತುಂಬಾ ಹೊತ್ತು ನೋಡಿ ಮಾವನ ಕಿವಿಯಲ್ಲಿ, "ಇದು ಎಲ್ಲಿ ಸಿಗುತ್ತೆ? ಆವತ್ತೇ ಕೇಳೋಣ ಅಂತಿದ್ದೆ, ಬಾಯಿ ಬರ್ಲಿಲ್ಲ" ಎಂದನಂತೆ. ಅವನಿಗೂ ಇತ್ತು, ಕಣೇ. ಅವನು ಹೆದರಿ ನುಂಗಿದ್ದಲ್ಲ, ಕೇಳಲು ಬಂದ ಮಾತನ್ನೇ ನುಂಗಿದ್ದ. ಅವನೂ ಬಚ್ಚಿಟ್ಟ, ನಾವೂ ಬಚ್ಚಿಟ್ಟೆವು.

ಹಾಗಾಗಿ ನಿನ್ನ ಕೋಟುಗಳನ್ನು ಇಸ್ತ್ರಿ ಮಾಡಿ ವಾಪಸು ಕಳಿಸುತ್ತಿದ್ದೇನೆ. ಪಾರ್ಸೆಲ್ಲು ಬಿಚ್ಚಿದವಳೇ ನೀನು ಬಲಪಕ್ಕೆ ತಡವುತ್ತೀಯ, ನನಗೆ ಗೊತ್ತು. ತಡವು. ಅಲ್ಲಿ ಏನೂ ಇಲ್ಲ. ಒಂದರ ಹೊರಜೇಬಿನಲ್ಲಿ ಬಟ್ಟೆಯಲ್ಲಿ ಸುತ್ತಿದ ಪಟ್ಟಿ ಇದೆ. ಬೀಗದ ಕೈ ಮಾಡುವವರ ಪಕ್ಕ ಬಹುಮಾನದ ಬಟ್ಟಲಿಗೆ ಹೆಸರು ಕೆತ್ತುವವರಿದ್ದಾರಲ್ಲ, ಅವರಿಂದಲೇ ಕೆತ್ತಿಸಿದೆ. "ಹುಡುಗಿಗೆ ಅಂತೀರ, ಅಕ್ಷರ ಒಳಗಡೆ ಹಾಕ್ಲಾ? ಹೊರಗೆ ಹೂವು ಬಿಡಿಸಿಕೊಡ್ತೀನಿ" ಎಂದರು ಪಾಪ. "ಹೂವು ಬೇಡ, ಹೊರಗಡೆ ಅಕ್ಷರ ಹಾಕಿ. ಕನ್ನಡಕ ಮರೆತು ಬಂದೋರಿಗೂ ಕಾಣ್ಬೇಕು" ಎಂದೆ. ಅಂಗಡಿಯ ಮ್ಯಾನೇಜರು ಏನಾದರೂ ಅಂದರೆ ನನ್ನ ಹೆಸರು ಹೇಳು, ಬೇಕಾದರೆ ಅಲ್ಲಿಗೇ ಬಂದು ಮಾತಾಡುತ್ತೇನೆ. ಕೆಲಸ ಕಾಯಂ ಆಗದಿದ್ದರೆ ಇನ್ನೊಂದು ಕೆಲಸ ಸಿಗುತ್ತದೆ. ಅಪ್ಪನ ಕೈ ನನಗೆ ಇನ್ನೊಂದು ಸಿಗಲಿಲ್ಲ.

ನಿನ್ನ ಪಕ್ಕದ ಕೌಂಟರಿನವಳಿಗೆ ಇವತ್ತೇ ಹೇಳು. ನಾನು ತೊದಲಿದರೆ, ಸುಮ್ಮಸುಮ್ಮನೆ ಸಿಡುಕಿದರೆ, ಬೆವರಿದರೆ, ಸಕ್ಕರೆ ಕೊಡು ಎಂದು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಫೋನ್ ಮಾಡು ಎಂದು. ಕೋಟಿನ ಹೊರಜೇಬಿನಲ್ಲಿ ಸದಾ ಸಕ್ಕರೆ ತುಂಡು ಇರಲಿ. 'ಸುಮ್ಮಸುಮ್ಮನೆ ಸಿಡುಕಿದರೆ' ಎನ್ನುವುದನ್ನು ಮಾತ್ರ ಬಿಡಿಸಿ ಹೇಳು, ಇಲ್ಲದಿದ್ದರೆ ಆ ಹುಡುಗಿ ದಿನವಿಡೀ ನಿನಗೆ ಸಕ್ಕರೆ ತಿನ್ನಿಸಬೇಕಾದೀತು.

ಪಟ್ಟಿ ಬಂದ ದಿನ ಅಪ್ಪ ಅದನ್ನು ಕೈಯಲ್ಲಿ ಹಿಡಿದು, "ಇಷ್ಟು ಸಣ್ಣದು ಯಾರಿಗೆ?" ಎಂದರು. "ನಿಮ್ಮ ಮಗಳಿಗೆ" ಎಂದೆ. "ಅವಳಿಗೂ ಬಂತಾ?" ಎಂದು ಮುಖ ಸಣ್ಣದು ಮಾಡಿಕೊಂಡರು. ಮಾರನೆಯ ದಿನ ಮತ್ತೆ ಕೇಳಿದರು. ಪ್ರತಿ ಸಲವೂ ಅವರಿಗೆ ಅದು ಹೊಸ ಸುದ್ದಿ, ಪ್ರತಿ ಸಲವೂ ಹೊಸದಾಗಿ ಸಂಕಟ. ಈಗ ಕೇಳಿದರೆ ನಾನು, "ಗಿರಾಕಿದು" ಎನ್ನುತ್ತೇನೆ. ಇನ್ನು ಸುಳ್ಳು ಹೇಳುವುದಿಲ್ಲ ಎಂದು ಕೂತವಳು, ಆ ಒಂದನ್ನು ಮಾತ್ರ ಇಟ್ಟುಕೊಂಡಿದ್ದೇನೆ.

ಹೊತ್ತು ಹೊತ್ತಿಗೆ ನಿನ್ನ ತಟ್ಟೆ ತುಂಬಿರಲಿ, ನಿನ್ನ ಸುತ್ತ ಇರುವವರಿಗೆ ಓದು ಬರಲಿ, ಓದಿದ್ದು ಅರ್ಥವಾಗಲಿ. ನಿನ್ನ ಕೈ ಎಂದೂ ನಡುಗದಿರಲಿ. ಇದಕ್ಕಿಂತ ದೊಡ್ಡ ಆಶೀರ್ವಾದ ನನಗೆ ಗೊತ್ತಿಲ್ಲ.

ನಿನ್ನ ಅಮ್ಮ

ಕೆಳಗಿರುವ ಗೀಟು ಅಪ್ಪ ಎಳೆದದ್ದು. ರುಜು ಎಂದುಕೋ.

ತಾ.ಕ.: ಲಕೋಟೆಗೆ ಅಂಟು ಹಚ್ಚಿ ಆಗಿತ್ತು, ಮತ್ತೆ ಬಿಚ್ಚಿದೆ.

ನೀನು ಇಲ್ಲಿದ್ದಾಗ ಒಂದು ಹಸಿರು ಗೌನು ಅರ್ಧ ಹೊಲಿದು ಮಿಷನ್ನಿನ ಮೇಲೆ ಬಿದ್ದಿತ್ತು, ಯಾಕಮ್ಮ ಮುಗಿಸಿಲ್ಲ ಎಂದು ಕೇಳಿದ್ದೆ. ಅದು ಇನ್ನೂ ಹಾಗೇ ಇದೆ. ಅವತ್ತು ಬೆಳಗ್ಗೆ ಅಪ್ಪನ ತಟ್ಟೆ ಮುಚ್ಚಿಟ್ಟು, ಅವರು ಬರುವಷ್ಟರಲ್ಲಿ ಬಂದುಬಿಡೋಣ ಎಂದು ಆ ಗೌನಿಗೆ ದಾರ ತರಲು ಪೇಟೆ ಬೀದಿಗೆ ಹೋಗಿದ್ದೆ. ದಾರದ ಅಂಗಡಿ ಚಪ್ಪಲಿ ಅಂಗಡಿಯ ಎದುರಿಗೇ. ರಸ್ತೆಯ ಆ ಬದಿಯಲ್ಲಿ ಗುಂಪು ಸೇರಿತ್ತು. "ಏನದು?" ಎಂದೆ. "ಯಾರೋ ಬೆಳಬೆಳಗ್ಗೆನೇ ಹಾಕ್ಕೊಂಡು ಬಿದ್ದಿದಾನಮ್ಮ, ಕತ್ತಿ ಬೇರೆ ಇಟ್ಕೊಂಡಿದಾನೆ, ಆ ಕಡೆ ಹೋಗ್ಬೇಡಿ" ಎಂದ ಅಂಗಡಿಯವನು. ನಾನು ತಲೆ ಕೂಡ ಎತ್ತಲಿಲ್ಲ. "ಇಂಥವನನ್ನ ಕಟ್ಟಿಕೊಂಡ ಆ ಪುಣ್ಯಾತ್ಗಿತ್ತಿ ಗ್ರಹಚಾರ" ಎಂದು ಲೊಚಗುಟ್ಟಿ, ಬಾಗಿಲ ಬೆಳಕಿಗೆ ಬಂದು, ಹಸಿರಿಗೆ ಹಸಿರು ಹಿಡಿದು ಹೊಂದುತ್ತದೆಯೇ ಎಂದು ನೋಡಿದೆ. ಚೆನ್ನಾಗಿ ಹೊಂದಿತು.

ಆ ಬೀದಿಯಲ್ಲಿ ಅಷ್ಟೊಂದು ಜನರ ನಡುವೆ ಆ ಜೇಬು ಎಲ್ಲಿದೆ ಎಂದು ಗೊತ್ತಿದ್ದವಳು ನಾನೊಬ್ಬಳೇ. ಕೂಗಿದರೆ ಕೇಳುವಷ್ಟು ದೂರದಲ್ಲಿ ದಾರ ಆರಿಸುತ್ತಾ ನಿಂತಿದ್ದೆ.

ನಿನ್ನ ಊರಿನ ಬೀದಿಯಲ್ಲಿ ನಾನೂ ಇರುವುದಿಲ್ಲ. ಕೈಗೆ ಹಾಕಿಕೋ, ಗುಂಡಿ.